ಇಸ್ಕೂಲ್‌ನ ಪಾಸ್ ಮಾಡಿದ್ಯಾರು?

ನಮ್ಮ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯ ಚೈತ್ರಾಗೆ ಹೋದ ತಿಂಗಳು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಇಂಗ್ಲಿಷ್ ಕಲಿಸುವ ಮೇಷ್ಟ್ರು, ಮೇಡಂಗಳನ್ನು ಹುಡುಕಿ ಹೊರದೇಶದ ಶಾಲೆಗಳಿಗೆ ಕಳಿಸುವ ಕಂಪನಿ. ನಾನು ಇಪ್ಪತ್ತಾರು ವರ್ಷ ಇದೇ ಸಾಲಿನಲ್ಲಿ ಸವೆದವಳು ಎಂದು ಅವಳ ತಾಯಿ ಹೇಳಿದ್ದರಂತೆ. ಸ್ವೀಟ್ ಬಾಕ್ಸ್ ಹಿಡಿದು ಬಂದವಳು ಸೋಫಾದ ತುದಿಯಲ್ಲಿ ಕೂತು, "ಆಂಟಿ, ಏನಾದ್ರೂ ಟಿಪ್ಸ್ ಕೊಡಿ" ಅಂದಳು.

ಟಿಪ್ಸ್ ಎಂದರೆ ನನಗೆ ಹೋಟೆಲಿನ ಮಾಣಿಯ ನೆನಪು ಬರುತ್ತದೆ. "ಬರೆದುಕೊಡ್ತೀನಿ ಹೋಗಮ್ಮ" ಎಂದೆ. ಬರೆಯಲು ಕೂತ ಮೇಲೆ ಗೊತ್ತಾಯಿತು, ಅವಳಿಗೆ ಹೇಳಬೇಕಾದ ವಿಷಯ ಒಂದೇ ಒಂದು. ಆದರೆ ಅದನ್ನು ಹೇಳಲು ನನಗೆ ಅಷ್ಟು ಸುಲಭಕ್ಕೆ ಬಾಯಿ ಬರುವುದಿಲ್ಲ, ಸ್ವಲ್ಪ ಸುತ್ತಿಕೊಂಡು ಬರಬೇಕು.

ಶುರುವಾಗಿದ್ದು ಪೀಣ್ಯದಲ್ಲಿ. ಮದುವೆಯಾಗಿ ದಾವಣಗೆರೆಯಿಂದ ಬಂದ ಹೊಸತು. ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿದ್ದೆ, ಟೈಪಿಂಗ್ ಬರುತ್ತಿತ್ತು. ಒಂದು ಲೇತ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರಭಾಕರ್ ಸಾರ್ ಅವರ ಏಜೆನ್ಸಿ ಇತ್ತು. ವೆಲ್ಡರ್, ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳನ್ನು ಕೊಲ್ಲಿ ದೇಶಗಳಿಗೆ ಕಳಿಸುತ್ತಿದ್ದರು. ಕೆಳಗೆ ಲೇತ್ ತಿರುಗಿದರೆ ಮೇಲೆ ನನ್ನ ಟೀ ಲೋಟ ಮೇಜಿನ ಮೇಲೆ ತಾನಾಗಿಯೇ ಸರಿಯುತ್ತಿತ್ತು. ವೆಲ್ಡರ್‌ಗಳಿಗೆ ಟ್ರೇಡ್ ಟೆಸ್ಟ್ ಇರುತ್ತಿತ್ತು. ಎರಡು ಪ್ಲೇಟ್ ಕೊಟ್ಟು ಬೆಸೆಯಲು ಹೇಳುವುದು, ಆಮೇಲೆ ಬಗ್ಗಿಸಿ ನೋಡುವುದು. ಬಿರುಕು ಬಿಡದಿದ್ದರೆ ಪಾಸ್. ಅದಕ್ಕಿಂತ ಪ್ರಾಮಾಣಿಕವಾದ ಇಂಟರ್‌ವ್ಯೂ ನಾನು ಆಮೇಲೆ ನೋಡಲಿಲ್ಲ.

ಪ್ರಭಾಕರ್ ಸಾರ್ ಕೆಟ್ಟವರಲ್ಲ. ಅವರಿಗೆ ಇದ್ದದ್ದು ಒಂದೇ ರೋಗ, ಯಾರಿಗೂ 'ಇಲ್ಲ' ಅನ್ನಲು ಬರುತ್ತಿರಲಿಲ್ಲ. ಒಂದು ದಿನ ನಮ್ಮಿಂದ ಫಿಟ್ಟರ್‌ಗಳನ್ನು ಕರೆಸಿಕೊಳ್ಳುತ್ತಿದ್ದ ಹೊರದೇಶದ ಒಬ್ಬ ಯಜಮಾನರು ಫೋನ್ ಮಾಡಿ, ನಾವೊಂದು ಶಾಲೆ ತೆರೆದಿದ್ದೇವೆ, ಇಂಗ್ಲಿಷ್ ಟೀಚರ್ ಇದ್ದಾರೆಯೇ ಎಂದು ಕೇಳಿದರು. "ಇದಾರೆ ಸಾರ್, ರೆಡಿ ಇದಾರೆ" ಎಂದು ಹೇಳಿ ಫೋನ್ ಇಟ್ಟ ಪ್ರಭಾಕರ್ ಸಾರ್ ನನ್ನ ಕಡೆ ತಿರುಗಿ, "ಗಿರಿಜಾ, ನಿಮ್ಗೆ ಯಾರಾದ್ರೂ ಇಂಗ್ಲಿಷ್ ಟೀಚರ್ ಗೊತ್ತೇನ್ರೀ?" ಅಂದರು.

ಹೀಗೆ ನಾವು ಮೇಷ್ಟ್ರ ವ್ಯಾಪಾರಕ್ಕೆ ಇಳಿದೆವು. ಮೊದಲ ಎಡವಟ್ಟು ನನ್ನದೇ. ರಾಜಾಜಿನಗರದ ಒಬ್ಬ ಮೇಡಂ ಸಿಕ್ಕರು. ಅವರಿಗೆಂದು ಬೇರೆ ಅರ್ಜಿ ಎಲ್ಲಿಂದ ತರಲಿ, ವೆಲ್ಡರ್‌ಗಳ ಅರ್ಜಿಯನ್ನೇ ಕೊಟ್ಟೆ. ತೂಕ ಎಷ್ಟು, ಹತ್ತು ಬೆರಳೂ ಇವೆಯೇ, ಎತ್ತರದಲ್ಲಿ ಕೆಲಸ ಮಾಡಲು ಹೆದರಿಕೆ ಇದೆಯೇ ಎಂದೆಲ್ಲ ಇತ್ತು. ಪಾಪ, ಆ ಮೇಡಂ ಎಲ್ಲವನ್ನೂ ಶ್ರದ್ಧೆಯಿಂದ ತುಂಬಿ, ಎತ್ತರದ ಪ್ರಶ್ನೆಗೆ 'ಎರಡನೆಯ ಮಹಡಿಯವರೆಗೆ ಹೆದರಿಕೆ ಇಲ್ಲ' ಎಂದು ಬರೆದಿದ್ದರು. ನಾನು ಓದದೆ ಹಾಗೆಯೇ ಫ್ಯಾಕ್ಸ್ ಮಾಡಿದೆ. ಮಾರನೆಯ ದಿನ ಆ ಕಡೆಯಿಂದ ಉತ್ತರ ಬಂತು: ನಮ್ಮ ಶಾಲೆಗೆ ಮಹಡಿಯೇ ಇಲ್ಲ, ಧೈರ್ಯವಾಗಿ ಬರಲು ಹೇಳಿ. ಆ ಮೇಡಂ ಅಲ್ಲಿ ಏಳು ವರ್ಷ ಇದ್ದರು.

ಕೆಲವು ವರ್ಷ ಕಳೆಯುವುದರಲ್ಲಿ ವೆಲ್ಡರ್‌ಗಳಿಗಿಂತ ಮೇಷ್ಟ್ರುಗಳನ್ನು ಕೇಳುವವರೇ ಹೆಚ್ಚಾದರು. ಪೀಣ್ಯ ಬಿಟ್ಟು ದೊಡ್ಡನೆಕ್ಕುಂದಿಗೆ ಆಫೀಸು ಬದಲಾಯಿಸಿದೆವು. ವೈಟ್‌ಫೀಲ್ಡ್ ಕಡೆಯ ವಿಳಾಸ ಇದ್ದರೆ ತೂಕ ಜಾಸ್ತಿ ಎಂದು ಸಾರ್ ಲೆಕ್ಕ. ಆ ಕಟ್ಟಡದ ಮಾಲೀಕರು ಮುನಿಯಪ್ಪನವರು. ಒಂದು ಕಾಲಕ್ಕೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವರು. ಈಗ ಐದು ಮಹಡಿಯ ಕಟ್ಟಡ ಎಬ್ಬಿಸಿ, ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದರು. ಹೊಸದಾಗಿ ಬಂದವರು ಅವರನ್ನು ವಾಚ್‌ಮನ್ ಎಂದುಕೊಂಡು ಗಾಡಿ ನೋಡ್ಕೊಳ್ಳಪ್ಪ ಎನ್ನುವುದು, ಅವರು ಆಯ್ತು ಬುದ್ಧಿ ಎನ್ನುವುದು ದಿನನಿತ್ಯದ ತಮಾಷೆಯಾಗಿತ್ತು.

ಮೇಷ್ಟ್ರಿಗೆ ಟ್ರೇಡ್ ಟೆಸ್ಟ್ ಮಾಡುವುದು ಹೇಗೆ ಎನ್ನುವುದು ನನ್ನ ತಲೆನೋವು. ಸರ್ಟಿಫಿಕೇಟ್ ಎಲ್ಲರ ಹತ್ತಿರವೂ ಇರುತ್ತಿತ್ತು. ಡೆಮೊ ಕ್ಲಾಸ್ ಮಾಡಿ ಎಂದರೆ ನನಗೆ, ಪ್ರಭಾಕರ್ ಸಾರ್‌ಗೆ ಪಾಠ ಮಾಡುತ್ತಿದ್ದರು. ಗೊತ್ತಿರುವವರಿಗೆ ಕಲಿಸುವುದರಲ್ಲಿ ಏನು ಪರೀಕ್ಷೆ ಬಂತು? ಒಂದು ದಿನ ಬೇಸತ್ತು ಕೆಳಗೆ ಹೋಗಿ, "ಮುನಿಯಪ್ಪನವರೇ, ಒಂದರ್ಧ ಗಂಟೆ ಮೇಲ್ ಬಂದು ಕೂತ್ಕೊಳ್ತೀರಾ?" ಎಂದು ಕೇಳಿದೆ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ಎದುರಿಗೆ ಕೂತು ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು. ಅರ್ಥವಾಗದಿದ್ದರೆ ಆಕಳಿಸುತ್ತಿದ್ದರು, ಮುಲಾಜೇ ಇಲ್ಲ.

ಅಲ್ಲಿಂದ ಮುಂದೆ ನಮ್ಮ ಆಫೀಸಿನ ಡೆಮೊ ಕ್ಲಾಸಿಗೆ ವಿದ್ಯಾರ್ಥಿ ಅವರೊಬ್ಬರೇ. ಹೊರದೇಶದ ಮಕ್ಕಳಿಗೂ ಅಷ್ಟೇ ಅಲ್ಲವೇ, ಎದುರಿಗಿರುವ ಮೇಷ್ಟ್ರ ಭಾಷೆ ಬಾರದು. ಒಮ್ಮೆ ಒಬ್ಬ ಕಾಲ್ ಸೆಂಟರ್ ಟ್ರೈನರ್ ಬಂದ. ಇಂಗ್ಲಿಷ್ ಎಂದರೆ ಬೆಣ್ಣೆ. ಅರ್ಧ ಗಂಟೆ ಗೋಡೆ ನೋಡಿಕೊಂಡು ಪಾಠ ಮಾಡಿದ. ಅವನು ಹೋದ ಮೇಲೆ ಮುನಿಯಪ್ಪನವರು, "ಇವ್ನು ಒಂದ್ಸಲಾನೂ ನನ್ ಮಕ ನೋಡ್ಲಿಲ್ಲ ಕಣಮ್ಮೋ. ಮಕ್ಳು ಮಕಾನೂ ನೋಡಾಕಿಲ್ಲ, ಬುಡು" ಅಂದರು. ಅವನ ಉಚ್ಚಾರಣೆಗೆ ಮರುಳಾದ ನಾನು ಕಳಿಸಿಬಿಟ್ಟೆ. ಮೂರನೆಯ ವಾರಕ್ಕೆ ವಾಪಸ್ ಬಂದ. ಮಕ್ಕಳು ತರಗತಿಯಲ್ಲಿ ಅವನು ಇದ್ದಾನೆ ಎನ್ನುವುದನ್ನೇ ಮರೆತು ಆಟವಾಡಿಕೊಂಡಿದ್ದರಂತೆ.

ಚೈತ್ರಾ, ಉಚ್ಚಾರಣೆಗೆ ಮರುಳಾಗುವ ಈ ಚಾಳಿ ನಮ್ಮ ಕಸುಬಿನವರಿಗೆ ಅಂಟಿಕೊಳ್ಳುವ ಜಾಡ್ಯ. ನನಗೆ ಎಷ್ಟು ಅಂಟಿಕೊಂಡಿತ್ತು ಎನ್ನುವುದು ಮುಂದೆ ಗೊತ್ತಾಗುತ್ತದೆ.

ಫ್ಯಾಕ್ಸ್ ಹೋಗಿ ಈಮೇಲ್ ಬಂತು, ಈಮೇಲ್ ಹಿಂದೆ ವಿಡಿಯೊ ಕಾಲ್ ಬಂತು. ವಿಡಿಯೊ ಬಂದ ಮೇಲೆ ಕೆಲಸ ಸಲೀಸಾಯಿತು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಮೊದಲು ಶಾಲೆಯವರು ಮೇಷ್ಟ್ರ ಮಾತು ಕೇಳಿಸಿಕೊಳ್ಳುತ್ತಿದ್ದರು, ಆಮೇಲೆ ಮುಖ ನೋಡಲು ಶುರುಮಾಡಿದರು. ಕೆಲವು ಶಾಲೆಗಳಿಗೆ ಬಿಳಿ ಮುಖವೇ ಬೇಕಿತ್ತು. ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಇಂಥಿಂಥ ದೇಶದ ಪಾಸ್‌ಪೋರ್ಟ್ ಇದ್ದವರು ಮಾತ್ರ ಎನ್ನುತ್ತಿದ್ದರು. ಉಳಿದ ಶಾಲೆಗಳಿಗೆ ನಮ್ಮವರನ್ನು ಸೇರಿಸಲು ನಾವು ಏನೆಲ್ಲ ಮಾಡಿದೆವು. ಹೆಸರು ಮೊಟಕು ಮಾಡಿದೆವು. ಹಿಂದಿನ ಗೋಡೆಗೆ ಬಿಳಿ ಪರದೆ ಹಾಕಿದೆವು. ಹಾವೇರಿ ಕಡೆಯ ಒಬ್ಬ ಮೇಷ್ಟ್ರಿಗೆ, "ಸಾರ್, ಹಣೆ ಮೇಲಿನ ವಿಭೂತಿ ಒಂದ್ ಸ್ವಲ್ಪ ಒರೆಸ್ಕೊಳ್ಳಿ" ಎಂದು ನಾನೇ ಹೇಳಿದ್ದೇನೆ. ಅವರು ಕರ್ಚೀಫು ತೆಗೆದರು. ಅವತ್ತು ನನ್ನ ಹಣೆಯಲ್ಲೂ ಬೆಳಗಿನ ವಿಭೂತಿ ಇತ್ತು. ನಾನು ಕ್ಯಾಮೆರಾದ ಈ ಕಡೆ ಇದ್ದೆ, ಆದ್ದರಿಂದ ಒರೆಸಿಕೊಳ್ಳಬೇಕಾಗಿರಲಿಲ್ಲ. ಅದು ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಈ ಕೆಲಸದಲ್ಲಿ ನಾನು ಕಂಡುಕೊಂಡ ಒಂದೇ ಒಂದು ಒಳ್ಳೆಯ ಉಪಾಯವನ್ನೂ ಹೇಳಿಬಿಡುತ್ತೇನೆ. ಹೊಸ ಶಾಲೆಗೆ ಯಾರನ್ನಾದರೂ ಕಳಿಸುವ ಮೊದಲು, ಅಲ್ಲಿ ಈಗಾಗಲೇ ಇರುವ ನಮ್ಮ ಕಡೆಯವರೊಬ್ಬರನ್ನು ಹುಡುಕಿ ಫೋನ್ ಮಾಡುವುದು. ಮೊದಮೊದಲು ಇಂಗ್ಲಿಷಿನಲ್ಲೇ ಕೇಳುತ್ತಿದ್ದೆ. ಶಾಲೆ ಹೇಗಿದೆ, ವಸತಿ ಹೇಗಿದೆ ಎಂದರೆ ಎಲ್ಲರೂ ಗುಡ್ ಗುಡ್ ಎನ್ನುತ್ತಿದ್ದರು. ಒಮ್ಮೆ ಶಿರಾ ಕಡೆಯ ಒಬ್ಬ ಹುಡುಗಿಗೆ, ಏನೂ ಯೋಚಿಸದೆ, "ಊಟ ಆಯ್ತೇನಮ್ಮಾ?" ಅಂದೆ. ಆ ಕಡೆ ಗೊಳೋ ಎಂದು ಅಳು. ಎರಡು ತಿಂಗಳಿಂದ ಸಂಬಳವಿಲ್ಲದೆ ಅಕ್ಕಪಕ್ಕದವರು ಕೊಟ್ಟಿದ್ದು ಉಂಡುಕೊಂಡಿದ್ದಳು. ಅವತ್ತಿನಿಂದ ನಾನು ಮೊದಲು ಕೇಳುವ ಪ್ರಶ್ನೆಯೇ ಅದಾಯಿತು, ಅದೂ ಕನ್ನಡದಲ್ಲಿ. ಇಂಗ್ಲಿಷ್ ಮೇಷ್ಟ್ರ ಕಸುಬಿನಲ್ಲಿ ನಿಜ ತಿಳಿಯಲು ನನ್ನ ಬಳಿ ಇದ್ದ ಉಪಕರಣ ಕನ್ನಡ.

ಇನ್ನು ಸವಿತಾ ವಿಷಯ.

ಕೊರೊನಾ ಕಳೆದು ವಿಮಾನಗಳು ಮತ್ತೆ ಓಡಾಡತೊಡಗಿದ್ದ ಕಾಲ. ಮಾಕಳಿಯ ಒಂದು ಪುಟ್ಟ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಒಂಬತ್ತು ವರ್ಷದಿಂದ ಪಾಠ ಮಾಡುತ್ತಿದ್ದ ಸವಿತಾ ನಮ್ಮ ಆಫೀಸಿಗೆ ಬಂದಳು. ಗಂಡ ನಾಗರಾಜನಿಗೆ ಅಲ್ಲೇ ಫ್ಯಾಕ್ಟರಿ ಕೆಲಸ. ನಿಧಿ ಎಂಬ ಏಳು ವರ್ಷದ ಮಗಳು. ಸವಿತಾ ಓದಿದ್ದೆಲ್ಲ ಕನ್ನಡ ಮೀಡಿಯಂ. ಆ ಒಂದು ಕಾರಣಕ್ಕೆ ಅವಳ ಹೆಡ್ ಮಿಸ್ಸು ಮೂರನೆಯ ಕ್ಲಾಸಿನಿಂದ ಮೇಲಕ್ಕೆ ಪಾಠ ಮಾಡಲು ಬಿಡುತ್ತಿರಲಿಲ್ಲ.

"ಹೈಸ್ಕೂಲಿಗೆ ಪಾಠ ಮಾಡ್ಬೇಕು ಮೇಡಂ, ಅಷ್ಟೇ" ಅಂದಳು. "ಎರಡು ವರ್ಷ ಫಾರಿನ್ ಎಕ್ಸ್‌ಪೀರಿಯೆನ್ಸ್ ಅಂತ ಒಂದ್ ಲೆಟರ್ ತಂದ್ರೆ ಯಾರೂ ನನ್ನ ಮೀಡಿಯಂ ಕೇಳಲ್ಲ."

ಮುನಿಯಪ್ಪನವರು ಎಂದಿನಂತೆ ಬಂದು ಕೂತರು. ಉಳಿದವರೆಲ್ಲ ವಾಟ್ ಈಸ್ ಯುವರ್ ನೇಮ್ ಎಂದು ಶುರುಮಾಡುತ್ತಿದ್ದರು. ಸವಿತಾ ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, "ತಾತ, ಇಂಗ್ಲಿಷಲ್ಲಿ ನಿಮ್ಗೆ ಏನ್ ಬೇಕು?" ಎಂದು ಕೇಳಿದಳು.

ಹದಿನಾಲ್ಕು ವರ್ಷದಲ್ಲಿ ಅವರಿಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು. "ಮೇಲ್ಗಡೆ ಮನೆಯೋರು ಡೆಲ್ಲಿ ಕಡೆಯೋರು ಕಣವ್ವ. ನಲ್ಲಿ ಬುಟ್ಬುಟ್ಟು ಓಯ್ತಾರೆ. ಟ್ಯಾಂಕರ್ ನೀರು. ಏಳೋಣ ಅಂದ್ರೆ ನಂಗೆ ಬಾಸೆ ಬರಾಕಿಲ್ಲ" ಅಂದರು.

ಸವಿತಾ ಬಾತ್‌ರೂಮಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ತಿರುಗಿಸಿ, ನಿಲ್ಲಿಸಿ, ಕೈಹಿಡಿದು ಮಾಡಿಸಿ, ಅರ್ಧ ಗಂಟೆಯಲ್ಲಿ ಒಂದು ವಾಕ್ಯ ಕಲಿಸಿದಳು: ಪ್ಲೀಸ್ ಕ್ಲೋಸ್ ದಿ ಟ್ಯಾಪ್. ಮುನಿಯಪ್ಪನವರು ಅವತ್ತೇ ಸಂಜೆ ನಾಲ್ಕನೆಯ ಮಹಡಿಗೆ ಹೋಗಿ ಅದನ್ನು ಪ್ರಯೋಗ ಮಾಡಿ, ಗೆದ್ದು ಬಂದರು. "ಈವಮ್ಮನ್ನ ಕಳ್ಸು. ಈವಮ್ಮ ಟೀಚರ್ರು" ಎಂಬುದು ಅವರ ತೀರ್ಪು.

ಒಂದು ಶಾಲೆ ಸಿಕ್ಕಿತು. ದೇಶದ ಹೆಸರು ಬೇಡ, ಎಲ್ಲ ದೇಶದಲ್ಲೂ ಎರಡೂ ಥರದ ಶಾಲೆಗಳಿವೆ. ಹೈಸ್ಕೂಲು ಕ್ಲಾಸುಗಳನ್ನೇ ಕೊಡುತ್ತೇವೆ ಎಂದರು. ಸವಿತಾ ಖುಷಿಗೆ ಮಿತಿಯಿರಲಿಲ್ಲ. ಆದರೆ ಕಾಗದ ಬಂದಾಗ ನೋಡುತ್ತೇನೆ, ವಿಸಿಟ್ ವೀಸಾ. ನೆಂಟರ ಮನೆಗೆ ಹೋಗಿಬರುವವರಿಗೆ ಕೊಡುವ ವೀಸಾ ಅದು, ಅದರ ಮೇಲೆ ಕೆಲಸ ಮಾಡುವಂತಿಲ್ಲ. ಮಾಡಿ ಸಿಕ್ಕಿಬಿದ್ದರೆ ತಪ್ಪು ಶಾಲೆಯದಲ್ಲ, ಮೇಷ್ಟ್ರದು.

ಪ್ರಭಾಕರ್ ಸಾರ್ ಹತ್ತಿರ ಹೋದೆ. "ಹೋದ್ಮೇಲೆ ಕೆಲಸದ ವೀಸಾಗೆ ಕನ್ವರ್ಟ್ ಮಾಡಿಸ್ಕೊಡ್ತಾರೆ ಗಿರಿಜಾ. ಎಲ್ರೂ ಮಾಡೋದು ಹೀಗೇ. ಜೂನ್‌ಗೆ ಕ್ಲಾಸ್ ಶುರು, ಅವ್ರಿಗೂ ಅರ್ಜೆಂಟು" ಅಂದರು.

"ಅಲ್ಲಿರೋರ ಹತ್ರ ಒಂದ್ಸಲ ಮಾತಾಡ್ತೀನಿ ಸಾರ್."

"ಮಾತಾಡಿ, ಮಾತಾಡಿ. ನಿಮ್ಮ ಸಮಾಧಾನಕ್ಕೆ."

ಆ ಶಾಲೆಯಲ್ಲಿ ಗದಗಿನ ಈರಣ್ಣ ಎಂಬ ಮಾಸ್ತರರು ಒಂದು ವರ್ಷದಿಂದ ಇದ್ದರು, ಬೇರೆ ಏಜೆನ್ಸಿಯ ಮೂಲಕ ಹೋದವರು. ಶಾಲೆಯವರೇ ನಂಬರ್ ಕೊಟ್ಟರು. ಇಂಥ ಹೊತ್ತಿಗೆ ಮಾಡಿ ಎಂದು ಹೊತ್ತನ್ನೂ ಅವರೇ ಹೇಳಿದರು. ಫೋನ್ ಮಾಡಿ, "ನಮಸ್ಕಾರ ಮಾಸ್ತರ್ರೇ, ಊಟ ಆಯ್ತಾ?" ಎಂದು ಕೇಳಿದೆ.

"ಗುಡ್ ಆಫ್ಟರ್‌ನೂನ್ ಮೇಡಂ. ಎಸ್, ಐ ಹ್ಯಾವ್ ಹ್ಯಾಡ್ ಮೈ ಲಂಚ್" ಅಂದರು.

ಶಾಲೆ ಹೇಗಿದೆ ಎಂದು ಕನ್ನಡದಲ್ಲಿ ಕೇಳಿದೆ. ಇಂಗ್ಲಿಷಿನಲ್ಲಿ ಹೇಳಿದರು. ವಸತಿಯ ಬಗ್ಗೆ ಕೇಳಿದೆ, ವೀಸಾ ಬಗ್ಗೆ ಕೇಳಿದೆ. ಎಲ್ಲಕ್ಕೂ ಇಂಗ್ಲಿಷಿನಲ್ಲೇ ಉತ್ತರ, ಎವ್ರಿಥಿಂಗ್ ಈಸ್ ಫೈನ್. ನಾಲ್ಕು ಪ್ರಶ್ನೆ, ನಾಲ್ಕು ಉತ್ತರ. ಎಂಥ ಇಂಗ್ಲಿಷ್ ಅದು! ಎಲ್ಲೂ ಅವಸರವಿಲ್ಲ, ಒಂದು ಪದ ಹೆಚ್ಚಿಲ್ಲ. ಇವರನ್ನು ಮುಂದೊಂದು ದಿನ ಒಳ್ಳೆಯ ಶಾಲೆಗೆ ಸೇರಿಸಬಹುದಲ್ಲ ಎಂದು ನಾನು ಯೋಚಿಸುತ್ತಿದ್ದೆ. ಫೋನ್ ಇಟ್ಟು ನನ್ನ ಪುಸ್ತಕದಲ್ಲಿ ಬರೆದುಕೊಂಡೆ: ಈರಣ್ಣ, ಗದಗ. ಇಂಗ್ಲಿಷ್: ಹತ್ತಕ್ಕೆ ಎಂಟೂವರೆ. ಶಾಲೆ: ಸರಿ.

ಸವಿತಾ ಹೊರಟಳು. ಟಿಕೆಟ್ ತೆಗೆದುಕೊಳ್ಳಲು ಬಂದ ದಿನ ಗಂಡ, ಮಗಳು ಇಬ್ಬರನ್ನೂ ಕರೆತಂದಿದ್ದಳು. ಮುನಿಯಪ್ಪನವರು ನಿಧಿಗೆ ಬಿಸ್ಕತ್ತು ಕೊಡಿಸಿ, "ನಿಮ್ಮವ್ವ ನಂಗೇ ಇಂಗ್ಲಿಸ್ ಕಲ್ಸವ್ಳೆ, ಇನ್ನು ಆ ಮಕ್ಳು ಯಾವ ಲೆಕ್ಕ" ಅಂದರು.

ಒಂದೂವರೆ ತಿಂಗಳಾಗಿರಬೇಕು. ನಾಗರಾಜ ಶಿಫ್ಟು ಮುಗಿಸಿ ಯೂನಿಫಾರಂನಲ್ಲೇ ನಮ್ಮ ಆಫೀಸಿಗೆ ಬಂದ. ಕೂರಲು ಹೇಳಿದರೂ ಕೂರಲಿಲ್ಲ. ದೂರು ಹೇಳಲೋ ಬೇಡವೋ ಎನ್ನುವಂತೆ ನಿಂತಿದ್ದ.

"ಏನಿಲ್ಲ ಮೇಡಂ. ಅವ್ಳು ಫೋನ್ ಮಾಡ್ತಾಳೆ. ಆದ್ರೆ ನನ್ ಜೊತೆ ಇಂಗ್ಲಿಷಲ್ಲೇ ಮಾತಾಡ್ತಾಳೆ. ನಾನೇನೋ ಎಸ್ ನೋ ಅಂತೀನಿ. ನಿಧಿ ಜೊತೇನೂ ಇಂಗ್ಲಿಷಲ್ಲೇ. ಆ ಮಗೂಗೆ ಏನ್ ಅರ್ಥ ಆಗುತ್ತೆ, ಫೋನ್ ನಂಗ್ ಕೊಟ್ಟು ಒಳಗ್ ಹೋಗ್ಬಿಡುತ್ತೆ. ಫಾರಿನ್‌ಗೆ ಹೋದ್ಮೇಲೆ ಹಿಂಗೇ ಆಗ್ತಾರಾ ಮೇಡಂ?"

ಮುನಿಯಪ್ಪನವರಿಗೆ ಇಂಗ್ಲಿಷ್ ಕಲಿಸುವ ಮೊದಲು ಕನ್ನಡದಲ್ಲಿ ಏನು ಬೇಕು ತಾತ ಎಂದು ಕೇಳಿದವಳು ಅವಳು. ಸ್ವಂತ ಮಗಳ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾಳೆಂದರೆ ಅದು ಜಂಬವಲ್ಲ. ಆ ಕ್ಷಣಕ್ಕೆ ಈರಣ್ಣ ಮಾಸ್ತರರ ದನಿಯೂ ಕಿವಿಯಲ್ಲಿ ಕೇಳಿತು. ಆ ನಿಧಾನ, ಆ ಅಳೆದು ತೂಗಿದ ಪದಗಳು. ಪಕ್ಕದಲ್ಲಿ ಯಾರೋ ಕೂತು ಕೇಳಿಸಿಕೊಳ್ಳುತ್ತಿದ್ದಾಗ ಮನುಷ್ಯ ಹಾಗೆ ಮಾತಾಡುತ್ತಾನೆ. ನಾನು ಅದಕ್ಕೆ ಅಂಕ ಹಾಕಿದ್ದೆ.

ನಾಗರಾಜನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಸವಿತಾಗೆ ಫೋನ್ ಮಾಡಿದೆ. ಯಾರೋ ಎತ್ತಿ ಅವಳಿಗೆ ಕೊಟ್ಟರು.

"ಸವಿತಾ, ನಾನು ಗಿರಿಜಾ. ನಾನು ಕನ್ನಡದಲ್ಲಿ ಕೇಳ್ತೀನಿ. ನೀನು ಎಸ್ ಅಥ್ವಾ ನೋ ಅಷ್ಟೇ ಹೇಳು. ಪಕ್ಕದಲ್ಲಿ ಯಾರಾದ್ರೂ ಇದಾರಾ?"

"ಎಸ್ ಮೇಡಂ."

"ಕನ್ನಡ ಮಾತಾಡ್ಬಾರ್ದು ಅಂದಿದಾರಾ?"

"ಎಸ್ ಮೇಡಂ. ಎವ್ರಿಥಿಂಗ್ ಈಸ್ ಫೈನ್."

"ಪಾಸ್‌ಪೋರ್ಟ್ ನಿನ್ನ ಹತ್ರ ಇದೆಯಾ?"

"ನೋ ಮೇಡಂ."

"ಕೆಲಸದ ವೀಸಾ ಮಾಡಿಸ್ಕೊಟ್ರಾ?"

"ನೋ ಮೇಡಂ. ವೆದರ್ ಈಸ್ ವೆರಿ ಗುಡ್."

"ವಾಪಸ್ ಬರ್ಬೇಕಾ?"

"ಎಸ್ ಮೇಡಂ. ಪ್ಲೀಸ್" ಅಂದಳು. ಲೈನ್ ಕಟ್ಟಾಯಿತು. ನಾಗರಾಜ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಅವಳ ವಿಸಿಟ್ ವೀಸಾ ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಅದು ದಾಟಿದರೆ ಆ ದೇಶದ ಕಣ್ಣಿಗೆ ಅವಳೇ ಅಪರಾಧಿ, ಮಗಳ ಮುಖ ಯಾವಾಗ ನೋಡುತ್ತಾಳೋ ಹೇಳುವಂತಿರಲಿಲ್ಲ. ದಾರಿ ಇದ್ದದ್ದು ಒಂದೇ, ಅಲ್ಲಿನ ನಮ್ಮ ರಾಯಭಾರ ಕಚೇರಿಗೆ ಪತ್ರ ಬರೆಯುವುದು. ಆದರೆ ವಿಸಿಟ್ ವೀಸಾ ಎಂದು ಗೊತ್ತಿದ್ದೂ ನಾವೇ ಕಳಿಸಿದೆವು ಎನ್ನುವುದನ್ನು ಆ ಪತ್ರದಲ್ಲಿ ಮುಚ್ಚಿಡುವಂತಿರಲಿಲ್ಲ.

"ಗಿರಿಜಾ, ನಮ್ಮ ತಲೆ ಮೇಲೆ ನಾವೇ ಚಪ್ಪಡಿ ಎಳ್ಕೊಂಡಂಗೆ ಆಗುತ್ತೆ" ಅಂದರು ಪ್ರಭಾಕರ್ ಸಾರ್. ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. "ಶಾಲೆಯೋರ ಹತ್ರ ನಾನೇ ನಿಧಾನಕ್ಕೆ ಮಾತಾಡ್ತೀನಿ. ಲೈಸೆನ್ಸ್ ಹೋದ್ರೆ ನೀವೂ ಮನೆಗೆ, ನಾನೂ ಮನೆಗೆ."

ನನಗೂ ಹೆದರಿಕೆಯಿತ್ತು, ಸುಳ್ಳೇಕೆ ಹೇಳಲಿ. ರಿಟೈರಾಗಲು ಮೂರು ವರ್ಷ ಉಳಿದಿತ್ತು. ಸಾರ್ ಮಾತಾಡಿ ನೋಡಲಿ ಎಂದು ಒಂದು ದಿನ ಕಳೆದೆ. ಎರಡನೆಯ ದಿನವೂ ಕಳೆದೆ. ಆ ಎರಡು ದಿನಗಳಿಗೆ ನನ್ನ ಬಳಿ ಸಮಜಾಯಿಷಿ ಇಲ್ಲ.

ಮೂರನೆಯ ದಿನ ಬೆಳಗ್ಗೆ ಕೆಳಗಡೆ ಮುನಿಯಪ್ಪನವರು ತಡೆದರು. ನಾಗರಾಜ ಅವರಿಗೆ ಎಲ್ಲ ಹೇಳಿಕೊಂಡು ಹೋಗಿದ್ದ.

"ಮೇಡಮ್ಮೋ, ಒಂದ್ ಕೇಳ್ತೀನಿ. ಆವಮ್ಮನ್ನ ನಾನ್ ಪಾಸ್ ಮಾಡ್ದೆ. ನೀನೂ ಪಾಸ್ ಮಾಡ್ದೆ. ಮಾರ್ಕ್ಸ್ ಕಾರ್ಡ್ ನೋಡ್ದೆ, ನಲ್ಲಿ ತಾವ ನಿಲ್ಸಿ ಪಾಠ ಮಾಡುಸ್ದೆ, ಎಲ್ಲಾನೂವೆ. ಆ ಇಸ್ಕೂಲ್‌ನ ಪಾಸ್ ಮಾಡಿದ್ಯಾರು?"

ಉತ್ತರ ನನ್ನ ಪುಸ್ತಕದಲ್ಲಿತ್ತು. ಶಾಲೆ: ಸರಿ. ನನ್ನದೇ ಅಕ್ಷರ.

"ನಾನೇ ಮುನಿಯಪ್ಪನವರೇ" ಅಂದೆ.

"ಅಂಗಾರೆ ನೀನೇ ಕರ್ಕೊಂಬಾ" ಎಂದು ಹೇಳಿ ಅವರು ಬೀದಿ ಕಡೆ ತಿರುಗಿ ಕೂತರು.

ಮೇಲೆ ಹೋಗಿ ಪತ್ರ ಬರೆದೆ. ಏನೂ ಬಿಡಲಿಲ್ಲ. ವೀಸಾ ನೋಡಿದ್ದೆ, ಅದರ ಅರ್ಥ ನನಗೆ ಗೊತ್ತಿತ್ತು, ಆದರೂ ಕಳಿಸಿದೆ ಎಂದು ಬರೆದೆ. ಈರಣ್ಣ ಮಾಸ್ತರರ ಹೆಸರನ್ನೂ ಸೇರಿಸಿದೆ. ಪ್ರಭಾಕರ್ ಸಾರ್ ಓದಿದರು, ಎರಡು ಸಲ ಓದಿದರು. "ನಿಮ್ಮ ಹೆಸರಲ್ಲೇ ಕಳ್ಸಿ. ನಂಗೆ ಸಹಿ ಹಾಕೋ ಧೈರ್ಯ ಇಲ್ಲ" ಅಂದರು. ನಾನು ಸಹಿ ಹಾಕಿ ಕಳಿಸಿದೆ. ಒಂದು ತಿಂಗಳು ಅವರು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆದರೆ ಸವಿತಾಳ ವಾಪಸ್ ಟಿಕೆಟ್ಟನ್ನು ಯಾರೂ ಕೇಳುವ ಮೊದಲೇ ಅವರೇ ಮಾಡಿಸಿದರು. ಅದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ರಾಯಭಾರ ಕಚೇರಿಯವರು ಶಾಲೆಗೆ ಹೋದರು. ವೀಸಾ ಮುಗಿಯಲು ಎರಡು ದಿನ ಇದ್ದಾಗ ಸವಿತಾಳ ಪಾಸ್‌ಪೋರ್ಟ್ ಅವಳ ಕೈಗೆ ಬಂತು, ಈರಣ್ಣ ಮಾಸ್ತರರನ್ನೂ ಬಿಡಿಸಿ ಊರಿಗೆ ಕಳಿಸಿದರು. ಇಬ್ಬರಿಗೂ ಫೋನು ಹಾಸ್ಟೆಲ್ ವಾರ್ಡನ್ ಎದುರಿಗೆ ಮಾತ್ರವಂತೆ, ಅರ್ಥವಾಗದ ಭಾಷೆ ಆಡಿದರೆ ಫೋನ್ ಕಿತ್ತುಕೊಳ್ಳುತ್ತಿದ್ದರಂತೆ. ಹೈಸ್ಕೂಲು ಕ್ಲಾಸು ಎಂದು ಕರೆದುಕೊಂಡು ಹೋದವರು ಅವಳಿಗೆ ಕೊಟ್ಟಿದ್ದು ಸಣ್ಣ ಮಕ್ಕಳ ಊಟ, ಸ್ನಾನ ನೋಡಿಕೊಳ್ಳುವ ಕೆಲಸ.

ನಾನು ಏರ್‌ಪೋರ್ಟಿಗೆ ಹೋಗಿದ್ದೆ. ಸವಿತಾ ಹೊರಗೆ ಬಂದು ಮಗಳನ್ನು ಎತ್ತಿಕೊಂಡು, ಎಷ್ಟೋ ಹೊತ್ತು ಅವಳ ಕಿವಿಯಲ್ಲಿ ಕನ್ನಡದಲ್ಲಿ ಏನೇನೋ ಹೇಳುತ್ತಿದ್ದಳು. ನನ್ನನ್ನು ನೋಡಿದಳು. ಮಾತಾಡಿಸಲಿಲ್ಲ, ತಲೆ ಆಡಿಸಿ ಹೊರಟುಹೋದಳು. ನನಗೆ ನೋವಾಯಿತು. ಆದರೆ ಅವಳು ಮಾಡಿದ್ದು ಸರಿ.

ಅವಳು ಈಗ ನೆಲಮಂಗಲದ ಕಡೆ ಒಂದು ಶಾಲೆಯಲ್ಲಿ ಎಂಟು, ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತಾಳೆ. ಫಾರಿನ್ ಲೆಟರ್ ಇಲ್ಲದೆಯೇ ಸಿಕ್ಕಿತು, ಡೆಮೊ ಕ್ಲಾಸ್ ಮಾಡಿ ತೋರಿಸಿದಳಂತೆ. ಇದನ್ನು ಹೇಳಿದ್ದು ಮುನಿಯಪ್ಪನವರು. ಅವರಿಗೆ ಯುಗಾದಿಗೆ, ದೀಪಾವಳಿಗೆ ಅವಳಿಂದ ಫೋನ್ ಬರುತ್ತದೆ.

ಲೈಸೆನ್ಸಿನ ವಿಚಾರಣೆ ನಡೆಯಿತು, ಎಚ್ಚರಿಕೆ ಕೊಟ್ಟು ಬಿಟ್ಟರು. ಉಳಿದ ಮೂರು ವರ್ಷ ನಾನು ಒಬ್ಬರನ್ನೂ ವಿಸಿಟ್ ವೀಸಾದ ಮೇಲೆ ಕಳಿಸಲಿಲ್ಲ. ಶಾಲೆಯವರು ಕೊಟ್ಟ ನಂಬರಿಗೆ, ಶಾಲೆಯವರು ಹೇಳಿದ ಹೊತ್ತಿಗೆ ಫೋನ್ ಮಾಡಲಿಲ್ಲ. ಪ್ರಭಾಕರ್ ಸಾರ್ ಗೊಣಗಿದರು, ಕೊನೆಗೆ ಅವರೂ 'ಇಲ್ಲ' ಎನ್ನುವುದನ್ನು ಸ್ವಲ್ಪ ಸ್ವಲ್ಪ ಕಲಿತರು.

ಚೈತ್ರಾ, ನಿನಗೆ ಹೇಳಬೇಕೆಂದಿದ್ದ ಒಂದೇ ವಿಷಯ ಇನ್ನೂ ಬಂದಿಲ್ಲ.

ಸವಿತಾ ಬಂದು ಎರಡು ವಾರಕ್ಕೆ ನನಗೊಂದು ಫೋನ್ ಬಂತು. "ಗಿರಿಜಾ ಮೇಡಮ್ಮಾರೇನ್ರೀ? ನಾ ಈರಣ್ಣರೀ, ಗದಗದಿಂದ. ಊಟ ಆತೇನ್ರೀ?" ಆ ದನಿಯಲ್ಲಿ ನಾನು ಕನ್ನಡ ಕೇಳಿದ್ದು ಅದೇ ಮೊದಲು. "ಕ್ಷಮಿಸ್ರಿ ಮಾಸ್ತರ್ರೇ, ಅವತ್ತು ನಂಗೆ ಗೊತ್ತಾಗ್ಲಿಲ್ಲ" ಅಂದೆ.

"ಇರ್ಲಿ ಬಿಡ್ರಿ, ವಾಪಸ್ ಕರಸ್ಕೊಂಡ್ರಲ್ಲ" ಅಂದರು. "ಆದ್ರ ಒಂದ್ ಮಾತು ಮೇಡಂ. ನೀವು ಕನ್ನಡದಾಗ ಕೇಳಿದ್ರಿ, ನಾ ಇಂಗ್ಲಿಷ್‌ನ್ಯಾಗ ಹೇಳಿದೆ. ಒಮ್ಮೆ ಅಲ್ರೀ, ನಾಕ್ ಸಲ. ನನ್ನ ಕೈಲಾಗಿದ್ದು ಅಷ್ಟ ಇತ್ತು. ಕನ್ನಡದ ಹೆಣ್ಣುಮಗಳು, ತಿಳ್ಕೊಂತಾರ ಬಿಡು ಅಂದ್ಕೊಂಡೆ. ಇನ್ನ ಆ ಹುಡುಗಿ ಬರಂಗಿಲ್ಲ, ಉಳೀತು ಅಂತ ಅವತ್ತ ಚೊಲೊ ನಿದ್ದಿ ಮಾಡಿದ್ನಿರೀ."

ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ಬಂದಾಗ ತೋರಿಸುತ್ತೇನೆ. ಈರಣ್ಣ, ಗದಗ. ಇಂಗ್ಲಿಷ್: ಹತ್ತಕ್ಕೆ ಎಂಟೂವರೆ. ಶಾಲೆ: ಸರಿ. ನಾನು ಕೇಳಿದ್ದು ಕನ್ನಡದಲ್ಲಿ ಎಂದು ಆ ಪುಟದಲ್ಲಿ ಎಲ್ಲೂ ಬರೆದಿಲ್ಲ.